ಕಂಡದ್ದು ಹೇಳುವ ಹೊತ್ತು

ನಮ್ಮ ಮನೆಯ ಚಾವಡಿಯಲ್ಲಿ ಮಕ್ಕಳು ತುಳು ಆಡುವಂತಿರಲಿಲ್ಲ. ಅಡುಗೆಮನೆಯಲ್ಲಿ ಕನ್ನಡ ಆಡಿದರೆ ಅಮ್ಮ ನಗುತ್ತಿದ್ದಳು. ಎರಡರ ನಡುವೆ ಇದ್ದದ್ದು ಒಂದು ಮರದ ಹೊಸ್ತಿಲು. ಅದನ್ನು ಕಾಲು ದಾಟಿದಾಗ ನಾಲಗೆಯೂ ದಾಟಬೇಕು ಎಂಬುದು ಅವಳು ಮಾಡಿದ ಕಾನೂನು. ಮನೆಯಲ್ಲಿ ತುಳು ಮಾತ್ರ ಕೇಳಿ ಬೆಳೆದು, ಶಾಲೆಗೆ ಹೋದ ಮೇಲೆ ಕನ್ನಡ ಬಾರದೆ ಬೆಂಚಿನ ಮೇಲೆ ನಿಲ್ಲುವ ಮಕ್ಕಳು ಆಗ ಕೂಳೂರಿನಲ್ಲಿ ಮನೆಗೊಬ್ಬರಂತೆ ಇದ್ದರು. ತನ್ನ ಮಗ ಹಾಗೆ ನಿಲ್ಲಬಾರದು ಎಂದು ಅಮ್ಮ ಚಾವಡಿಯನ್ನೇ ಶಾಲೆ ಮಾಡಿದ್ದಳು. ಅವಳು ಏಳನೆಯ ಕ್ಲಾಸು ಪಾಸಾದವಳು. ಟೀಚರ್ ಆಗುವ ಆಸೆ ಇತ್ತಂತೆ, ಅಷ್ಟರಲ್ಲಿ ಮದುವೆಯಾಯಿತು. ಅಪ್ಪ ಹೊಳೆಬದಿಯ ಹಂಚಿನ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ಸಂಜೆ ಕೆಂಪು ಧೂಳು ಹೊತ್ತುಕೊಂಡು ಬರುತ್ತಿದ್ದರು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಹಾಗಾಗಿ ಆ ಶಾಲೆಗೆ ಇದ್ದ ಒಬ್ಬನೇ ವಿದ್ಯಾರ್ಥಿ ನಾನು, ಮತ್ತು ಹಾಗೆಯೇ ಇರಬೇಕೆಂದು ನಾನು ಬಯಸಿದ್ದೆ. ಈ ಅಧ್ಯಾಯದಲ್ಲಿ ಹೇಳಬೇಕಾದ ತಪ್ಪಿನ ಬೇರು ಅಲ್ಲಿದೆ.

ಅಮ್ಮನ ಪಾಠಕ್ಕೆ ಪುಸ್ತಕ ಬೇಕಿರಲಿಲ್ಲ. ಹೊಳೆಯಲ್ಲಿ ಹೆಕ್ಕಿ ಸಾರು ಮಾಡಿದ ಮರುವಾಯಿಯ ಚಿಪ್ಪುಗಳನ್ನು ತೊಳೆದು ಬಿಸಿಲಿಗೆ ಹಾಕಿ, ಹತ್ತತ್ತನ್ನು ಒಂದೊಂದು ತೆಂಗಿನ ಗೆರಟೆಗೆ ತುಂಬಿಸಿ ಇಡುತ್ತಿದ್ದಳು. ಬಿಡಿ ಚಿಪ್ಪು ಸಾಲದಿದ್ದರೆ ಒಂದು ಗೆರಟೆಯನ್ನು ಸುರಿಯಬೇಕು. ಕಳೆಯುವ ಲೆಕ್ಕವನ್ನು ನಾನು ಕಲಿತದ್ದು ಹಾಗೆ. ಅಪ್ಪ ತಂದ ಒಡೆದ ಹಂಚಿನ ಚೂರಿನಿಂದ ಅಂಗಳದಲ್ಲಿ ಮನೆಯ ನಕ್ಷೆ ಬರೆದು, ಕಣ್ಣಿಗೆ ಬಟ್ಟೆ ಕಟ್ಟಿ, "ಈಗ ಬಚ್ಚಲಿಂದ ದೇವರ ಕೋಣೆಗೆ ಹೋಗು, ಗೋಡೆಗೆ ತಾಗಿದ್ರೆ ಸೋತೆ" ಎನ್ನುತ್ತಿದ್ದಳು. ಸಾಂಬಾರ ಪದಾರ್ಥಗಳನ್ನು ಮೂಗಿನ ಹತ್ತಿರ ಹಿಡಿದು ಹೆಸರು ಕೇಳುವ ಆಟ ಇನ್ನೊಂದು. ಜೀರ್ದರಿ ಎಂದು ತುಳುವಿನಲ್ಲಿ ಹೇಳಿದರೆ ಸೊನ್ನೆ, ಜೀರಿಗೆ ಎಂದರೆ ಒಂದು ಚಿಪ್ಪು. ಬೆಳಗಿನ ತಿಂಡಿಗೆ ಅಕ್ಕಿಯ ಪುಂಡಿ ಬೇಯಿಸಿದ ದಿನ ಹಬೆಯಾಡುವ ಉಂಡೆಗಳನ್ನು ಬಾಳೆಲೆಯ ಮೇಲೆ ಹರಡಿ, ಎಣಿಸಿ, ಭಾಗ ಮಾಡಿ ಹೇಳದೆ ಯಾರಿಗೂ ತಟ್ಟೆ ಇಲ್ಲ.

"ಈ ಮನೆಯಲ್ಲಿ ಹೊಟ್ಟೆಗೆ ಬೀಳ್ಬೇಕಾದ್ರೆ ಭಾಗಾಕಾರ ಬರ್ಬೇಕು ಮಾರಾಯ" ಎಂದು ಅಪ್ಪ ಕೈತೊಳೆದು ಕಾಯುತ್ತಾ ಗೊಣಗುತ್ತಿದ್ದರು. ಅಮ್ಮ ಪುಂಡಿಯನ್ನು ಇಪ್ಪತ್ತೊಂದೇ ಮಾಡುತ್ತಿದ್ದಳು. ನಾವು ಮೂವರು, ತಲೆಗೆ ಏಳು. ಏನೂ ಉಳಿಯುತ್ತಿರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಸಂಜೆಯದು. ನಾನು ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದಳು. ಆ ದಿನ ನನ್ನ ಕಣ್ಣಿನಿಂದಲೇ ನೋಡಿದ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳಬೇಕು. ಯಾರೋ ಹೇಳಿದ್ದು ಆಗದು, ಊಹಿಸಿದ್ದು ಆಗದು. ಅವಳು ಅದನ್ನು 'ಕಂಡದ್ದು ಹೇಳುವ ಹೊತ್ತು' ಎಂದು ಕರೆಯುತ್ತಿದ್ದಳು. ಹೇಳಿದ್ದು ಚೆನ್ನಾಗಿದ್ದರೆ ದೋಸೆಯೋ ಬೇಯಿಸಿದ ಗೆಣಸೋ, ಮೊದಲ ತಟ್ಟೆ ನನಗೆ; ಆಮೇಲೆ ಅಪ್ಪನಿಗೆ. ಅಪ್ಪನಿಗಿಂತ ಮೊದಲು ತಿನ್ನುವ ಹುಡುಗ ನಮ್ಮ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ನಾನು ಹೇಳುತ್ತಿದ್ದದ್ದು ಸಾಮಾನ್ಯ ಮಾತುಗಳೇ. ದಾರಿಯಲ್ಲಿ ಲಾರಿ ಕೆಟ್ಟು ನಿಂತಿತ್ತು, ಮೇಷ್ಟ್ರು ಹೊಸ ಕೊಡೆ ತಂದಿದ್ದರು. ಅಮ್ಮ ಅದನ್ನೇ ಬಾಯಿ ತೆರೆದು ಕೇಳುತ್ತಿದ್ದಳು. ಅವಳು ಹಾಗೆ ಕೇಳುವಾಗ ಜಗತ್ತಿನಲ್ಲಿ ನಾನಲ್ಲದೆ ಬೇರೆ ಮಕ್ಕಳೇ ಹುಟ್ಟಿಲ್ಲ ಎಂದು ನನಗೆ ಅನಿಸುತ್ತಿತ್ತು.

ನಾನು ಐದನೆಯ ಕ್ಲಾಸಿಗೆ ಬಂದ ವರ್ಷ ಗುಲಾಬಿ ಬಂದಳು. ಅವಳು ಅಮ್ಮನ ಅಕ್ಕನ ಮಗಳು, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಪಣಂಬೂರಿನಲ್ಲಿದ್ದ ಅವರ ಮನೆ, ಗದ್ದೆ ಎಲ್ಲ ಹೊಸ ಬಂದರು ಕಟ್ಟುವ ಜಾಗಕ್ಕೆ ಹೋಗಿತ್ತು. ಕಾಟಿಪಳ್ಳದಲ್ಲಿ ಜಾಗ ಸಿಕ್ಕಿ, ಅಲ್ಲಿ ಗೋಡೆ ಏಳುವವರೆಗೆ ಹುಡುಗಿಯ ಶಾಲೆ ತಪ್ಪಬಾರದು ಎಂದು ದೊಡ್ಡಪ್ಪ ಅವಳನ್ನು ನಮ್ಮಲ್ಲಿ ಬಿಟ್ಟರು. ಒಂದು ತಗಡಿನ ಪೆಟ್ಟಿಗೆ, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಕನ್ನಡ ಅವಳಿಗೆ ಅಷ್ಟಕ್ಕಷ್ಟೆ. ಮೊದಲ ವಾರ ಚಾವಡಿಯಲ್ಲಿ ಬಾಯಿಯನ್ನೇ ತೆರೆಯದೆ, ಹೇಳಬೇಕಾದದ್ದು ಬಂದಾಗ ಹೊಸ್ತಿಲು ದಾಟಿ ಅಡುಗೆಮನೆಗೆ ಓಡಿ, ತುಳುವಿನಲ್ಲಿ ಹೇಳಿ ಮುಗಿಸಿ ಮತ್ತೆ ಬಂದು ಕೂರುತ್ತಿದ್ದಳು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಅವಳು ಬಂದ ಮೇಲಿನ ಮೊದಲ ಪುಂಡಿಯ ದಿನ ಅಮ್ಮ ಕೇಳಿದಳು:

"ಇಪ್ಪತ್ತೊಂದು. ನಾವೀಗ ನಾಲ್ಕು ಜನ. ಹೇಳಿ."

"ತಲೆಗೆ ಐದು, ಒಂದು ಉಳೀತದೆ" ಎಂದು ನಾನು ಥಟ್ಟನೆ ಹೇಳಿದೆ.

"ಸರಿ. ಉಳಿದದ್ದು ಯಾರಿಗೆ?"

ಲೆಕ್ಕ ಮಾಡಿದ್ದು ನಾನು, ಹಾಗಾಗಿ ನನಗೆ ಎಂದು ಕೈ ಚಾಚಿದ್ದೆ. ಗುಲಾಬಿ ಪದ ಹುಡುಕುತ್ತಾ, ತಡವರಿಸುತ್ತಾ ಹೇಳಿದಳು:

"ಉಳಿದದ್ದು... ಮಾಡಿದವ್ರಿಗೆ."

ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಉಳಿದ ಆ ಒಂದು ಪುಂಡಿಯನ್ನು ಅರ್ಧ ಮಾಡಿ, ಅರ್ಧವನ್ನು ತಾನು ತಿಂದು ಅರ್ಧವನ್ನು ಅವಳ ತಟ್ಟೆಗೆ ಹಾಕಿದಳು. ಅಷ್ಟು ವರ್ಷ ಅಮ್ಮನ ಕೈಯಡುಗೆ ಉಂಡ ನನಗೆ ಆ ಉತ್ತರ ಹೊಳೆದಿರಲಿಲ್ಲ. ಅಂದು ನಾನು ಐದು ಪುಂಡಿಯನ್ನೂ ತಿಂದೆ. ಹೊಟ್ಟೆ ತುಂಬಿತ್ತು, ಆದರೂ ಅವಳ ತಟ್ಟೆಯ ಆ ಅರ್ಧ ಉಂಡೆಯಿಂದ ನನ್ನ ಕಣ್ಣು ಕೀಳಲಾಗಲಿಲ್ಲ.

ಎರಡು ತಿಂಗಳಲ್ಲಿ ಗುಲಾಬಿಗೆ ಕನ್ನಡ ಬಂತು. ಬಂದದ್ದೇ ತಡ, ಸಂಜೆಯ ಮೊದಲ ತಟ್ಟೆ ಅವಳದಾಯಿತು. ಅವಳಿಗೆ ಕಾಣುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ. ಇಬ್ಬರೂ ಒಂದೇ ದಾರಿಯಲ್ಲಿ ನಡೆದು ಬರುತ್ತಿದ್ದೆವು. ನಾನು ಬಂದು "ಸೇತುವೆ ಹತ್ರ ಹಸು ಮಲಗಿತ್ತು" ಎಂದರೆ, ಅವಳು "ಆ ಹಸುವಿನ ಒಂದು ಕಿವಿ ಮಾತ್ರ ನೊಣ ಓಡಿಸ್ತಾ ಇತ್ತು, ಇನ್ನೊಂದು ಸುಮ್ಮನೆ ಇತ್ತು. ಆ ಬದಿಗೆ ಗಾಳಿ ಬರ್ತಾ ಇತ್ತು ಚಿಕ್ಕಮ್ಮ, ಅದಕ್ಕೆ ಅಲ್ಲಿ ನೊಣ ಇಲ್ಲ" ಎನ್ನುತ್ತಿದ್ದಳು. ಅಮ್ಮ ಕೈಯಲ್ಲಿದ್ದ ಸೌಟನ್ನು ಮರೆತು ಕೇಳುತ್ತಿದ್ದಳು. ಒಂದು ದಿನ ಅಪ್ಪನೂ ಗೋಡೆಗೆ ಒರಗಿ ನಿಂತು ಕೇಳಿ, "ಇವಳು ಪೊಲೀಸಿಗೆ ಸೇರ್ಬೇಕು ಮಾರಾಯ್ತಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಮಾತ್ರ.

ಇಲ್ಲಿ ಒಂದು ಸಣ್ಣ ಕಳ್ಳತನವನ್ನೂ ಹೇಳಿಬಿಡಬೇಕು. ಗುಲಾಬಿ ಬರುವುದಕ್ಕೆ ಮೊದಲಿನ ಬೇಸಿಗೆಯಲ್ಲಿ ಅಮ್ಮ ನನಗೆ ಒಂದು ಕೆಲಸ ಕೊಟ್ಟಿದ್ದಳು. ಅಂಗಳದ ಮಲ್ಲಿಗೆ ಗಿಡದಲ್ಲಿ ದಿನವೂ ಎಷ್ಟು ಮೊಗ್ಗು ಎಂದು ಒಂದು ತಿಂಗಳು ಎಣಿಸಿ ಬರೆಯಬೇಕು. ಹತ್ತು ದಿನ ಎಣಿಸಿದೆ. ಆಮೇಲೆ ಜಗಲಿಯಲ್ಲಿ ಕೂತು ತೋಚಿದ್ದನ್ನು ಬರೆದೆ. ಅಮ್ಮನಿಗೆ ಗೊತ್ತಾಗಲಿಲ್ಲ. ಆ ಕಾಗದವನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದಳು. ಕಾಣದೆ ಬರೆಯಬಹುದು, ಬರೆದರೆ ನಂಬುತ್ತಾರೆ ಎಂಬುದು ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ವಿದ್ಯೆ.

ಮಳೆ ಮುಗಿದು ಹೊಳೆಯ ನೀರು ಉಪ್ಪಾದ ಕಾಲ. ನಮ್ಮ ಹಿತ್ತಿಲು ಇಳಿದರೆ ಕೆಂಪುಕಲ್ಲಿನ ಮೆಟ್ಟಿಲು, ಅದರಾಚೆ ಕೆಸರು, ಆಮೇಲೆ ಹೊಳೆ. ಸಮುದ್ರ ಹತ್ತಿರವಾದ್ದರಿಂದ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಇಳಿಯುತ್ತದೆ. ಅಮ್ಮ ಒಂದು ಬಿದಿರ ಕೋಲಿಗೆ ನಾಲ್ಕು ಬೆರಳಿಗೊಂದರಂತೆ ಹತ್ತು ಸುಣ್ಣದ ಪಟ್ಟೆ ಎಳೆದು, ಕೊನೆಯ ಮೆಟ್ಟಿಲಿನ ಪಕ್ಕ ಕೆಸರಿನಲ್ಲಿ ಊರಿದಳು. ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ, ಶಾಲೆ ಬಿಟ್ಟು ಬಂದ ಕೂಡಲೇ ಹೋಗಿ, ನೀರು ಕೆಳಗಿನಿಂದ ಎಷ್ಟನೆಯ ಪಟ್ಟೆಗೆ ತಾಗಿದೆ ಎಂದು ನೋಡಿ ಬರೆಯಬೇಕು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹೊಲಿದು ಪುಸ್ತಕವನ್ನೂ ಮಾಡಿದಳು. ದೊಡ್ಡವನು ನಾನು, ಅದು ನನ್ನ ಕೈಗೇ ಬರುತ್ತದೆ ಎಂದುಕೊಂಡಿದ್ದೆ. ಪೆನ್ಸಿಲನ್ನು ಚೂಪು ಮಾಡಿಯೂ ಇಟ್ಟಿದ್ದೆ.

"ಇದು ಗುಲಾಬಿಗೆ" ಎಂದಳು ಅಮ್ಮ. "ಸಂಜೀವ, ನೀನು ಮಲ್ಲಿಗೆ ಬರೆದಿದ್ದಿಯಲ್ಲ. ಹೊಳೆ ಇವಳು ಬರೀಲಿ. ಇವಳ ಕಣ್ಣಿಂದ ಹೊಳೆಗೂ ತಪ್ಪಿಸಿಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ."

ಗುಲಾಬಿ ನನ್ನ ಪೆನ್ಸಿಲಿನಿಂದಲೇ ಬರೆದಳು. ಅಮಾವಾಸ್ಯೆಯ ಸಂಜೆ ಎರಡು. ಮರುದಿನವೂ, ಅದರ ಮರುದಿನವೂ ಎರಡು. ಆಮೇಲೆ ಮೂರು, ನಾಲ್ಕು, ಪಂಚಮಿಯ ದಿನ ಐದು. ದಿನದಿನಕ್ಕೆ ಆ ಹೊತ್ತಿನ ನೀರು ಏರುತ್ತಿತ್ತು. ಅಷ್ಟಮಿಯವರೆಗೂ ಹೀಗೆ ಏರಿ ಆಮೇಲೆ ಇಳಿಯುತ್ತದೆ ಎಂದು ಹೊಳೆಬದಿಯಲ್ಲಿ ಹುಟ್ಟಿದ ಅಮ್ಮನಿಗೆ ಗೊತ್ತಿತ್ತು. ಆದರೆ ಅವಳು ಹೇಳಿರಲಿಲ್ಲ, ಹುಡುಗಿ ತಾನಾಗಿ ಕಾಣಲಿ ಎಂದು ಕಾಯುತ್ತಿದ್ದಳು. ಪ್ರತಿ ಸಂಜೆ ಪುಸ್ತಕ ತೆರೆದು ಸಂಖ್ಯೆ ನೋಡಿ ಅವಳು ಒಳಗೊಳಗೇ ಹಿಗ್ಗುವುದನ್ನು ನಾನು ನೋಡುತ್ತಿದ್ದೆ.

ಷಷ್ಠಿಯ ಬೆಳಿಗ್ಗೆ ಮುಖ ತೊಳೆಯುವ ನೆಪದಲ್ಲಿ ಮೆಟ್ಟಿಲಿಳಿದು, ಕೋಲನ್ನು ಎರಡು ಪಟ್ಟೆಯಷ್ಟು ಮೇಲಕ್ಕೆಳೆದು, ಬುಡದ ಕೆಸರನ್ನು ತುಳಿದು ಗಟ್ಟಿ ಮಾಡಿದೆ. ಕೋಲು ಮೇಲಾದರೆ ನೀರು ಕೆಳಗಿನ ಪಟ್ಟೆಗೆ ತಾಗುತ್ತದೆ. ಅಂದು ಸಂಜೆ ಗುಲಾಬಿ ಬಹಳ ಹೊತ್ತು ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದು, ಬಂದು ನಾಲ್ಕು ಎಂದು ಬರೆದಳು. ಸಪ್ತಮಿಯ ಬೆಳಿಗ್ಗೆ ನಾನು ಇನ್ನೂ ಎರಡು ಪಟ್ಟೆ ಎತ್ತಿದೆ. ಅಂದು ಅವಳು ಬರೆದದ್ದು ಮೂರು. ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ಅಮ್ಮ ಹೇಳಿದ್ದಳಲ್ಲ, ಕಂಡದ್ದನ್ನೇ ಬರೆದಳು. ಆಮೇಲೆ ಚಾಪೆಯ ಮೇಲೆ ಕೂತು, ತನ್ನ ಸರದಿ ಬಂದಾಗ ಹೇಳಿದಳು:

"ಇವತ್ತು ನಾನು ಕಂಡದ್ದು, ಕೋಲು ಎತ್ತರ ಆಗಿದೆ."

ಅಮ್ಮ ನಕ್ಕಳು. "ಕೋಲು ಬೆಳೀತದಾ? ಅದೆಂತ ಜೀವ ಉಂಟಾ ಅದಕ್ಕೆ?"

"ಗೊತ್ತಿಲ್ಲ ಚಿಕ್ಕಮ್ಮ. ನಿನ್ನೆ ಸ್ವಲ್ಪ, ಇವತ್ತು ಮತ್ತೆ ಸ್ವಲ್ಪ."

"ಆಯ್ತು. ತಿಂಡಿ ತಿನ್ನಿ, ಬೆಳಕು ಉಂಟು, ಹೋಗಿ ನೋಡುವ."

ನಾನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಹೊಟ್ಟೆನೋವು ಎಂದು ಹೇಳಿ ಹಿತ್ತಿಲಿಗೆ ಓಡಿದೆ. ಕೋಲಿನ ಮೇಲೆ ಮೈಭಾರ ಹಾಕಿ ಅದು ಮೊದಲಿದ್ದ ಆಳಕ್ಕೇ ತಳ್ಳಿದೆ. ಮೊದಲಿನ ಗುರುತಿಗೆ ಪಕ್ಕದ ಮೆಟ್ಟಿಲಿನ ಅಂಚಿತ್ತು, ತಪ್ಪುವಂತಿರಲಿಲ್ಲ. ನಾನು ಕಾಲು ತೊಳೆದುಕೊಳ್ಳುತ್ತಿದ್ದಾಗಲೇ ಅಮ್ಮ ಗುಲಾಬಿಯ ಕೈ ಹಿಡಿದು ಮೆಟ್ಟಿಲಿಳಿದು ಬಂದಳು. ಕೋಲು ಸರಿಯಾಗಿತ್ತು. ನೀರು ಏಳನೆಯ ಪಟ್ಟೆಯಲ್ಲಿತ್ತು. ಅಮ್ಮ ಕೋಲನ್ನು ನೋಡಿದಳು, ಪುಸ್ತಕ ತೆರೆದು ನೋಡಿದಳು: ನಾಲ್ಕು, ಮೂರು.

"ಎತ್ತರ ಎಲ್ಲಿ ಆಗಿದೆ?"

ಗುಲಾಬಿ ಬೆಪ್ಪಾಗಿ ಕೋಲನ್ನೇ ನೋಡುತ್ತಿದ್ದವಳು, ಬಗ್ಗಿ ನೀರಿಗೆ ಕೈ ಹಾಕಿ ಬುಡ ಮುಟ್ಟಿದಳು. "ಇಲ್ಲಿ ಕೆಸರು ಹೊಸತು ಉಂಟು ಚಿಕ್ಕಮ್ಮ. ಯಾರೋ ತುಳಿದಿದ್ದಾರೆ."

"ಹೊಳೆಯ ಕೆಸರು ಯಾವಾಗ ಹಳತು ಆಗ್ತದೆ?" ಎಂದಳು ಅಮ್ಮ. ದನಿ ಬೇರೆಯಾಗಿತ್ತು. "ಸಂಜೀವ, ನೀನು ನೋಡಿದ್ದಿಯಾ? ಕೋಲು ಎತ್ತರ ಇತ್ತಾ?"

ಅಲ್ಲಿ ನನಗೊಂದು ಅವಕಾಶವಿತ್ತು. ಎರಡು ಏಟು ಬೀಳುತ್ತಿತ್ತು, ಅಷ್ಟೆ.

"ಇಲ್ಲ ಅಮ್ಮ. ನಾನು ದಿನಾ ಮುಖ ತೊಳೀಲಿಕ್ಕೆ ಬರ್ತೇನಲ್ಲ. ಕೋಲು ಇದ್ದ ಹಾಗೇ ಉಂಟು. ಇವಳೇ ಎರಡು ದಿನದಿಂದ ಇಲ್ಲಿಗೆ ಬರ್ಲಿಲ್ಲ. ಜಗಲಿಯಲ್ಲಿ ಕೂತು ಬರೀತಿದ್ಳು."

ಜಗಲಿಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ನಾನಾಗಿ ಸೇರಿಸಿದೆ. ಅದು ನಾನೇ ಮಲ್ಲಿಗೆಯ ತಿಂಗಳಲ್ಲಿ ಮಾಡಿದ್ದು. ಬಾಯಿಗೆ ಸಲೀಸಾಗಿ ಬಂತು.

ಚಾವಡಿಗೆ ಬಂದ ಮೇಲೆ ಅಮ್ಮ ಅವಳನ್ನು ಚಾಪೆಯ ಮುಂದೆ ನಿಲ್ಲಿಸಿ, ನಡೆದದ್ದನ್ನು ಸರಿಯಾಗಿ ಹೇಳು ಎಂದಳು. ಗುಲಾಬಿಗೆ ಗಾಬರಿಯಲ್ಲಿ ಕಲಿತ ಕನ್ನಡವೆಲ್ಲ ಮರೆತುಹೋಗಿತ್ತು.

"ಚಿಕ್ಕಮ್ಮ, ತುಳುವಲ್ಲಿ ಹೇಳ್ಲಾ?"

"ಬೇಡ. ಕನ್ನಡದಲ್ಲೇ ಹೇಳು. ನಿಜ ಆದ್ರೆ ಯಾವ ಭಾಷೆಯಲ್ಲಾದ್ರೂ ಬರ್ತದೆ."

ಅಮ್ಮ ಕೆಟ್ಟವಳಲ್ಲ. ಕಾನೂನು ಅವಳದೇ, ಅದನ್ನು ಆ ಹೊತ್ತಿಗೆ ಮುರಿಯಬೇಕು ಎಂದು ಅವಳಿಗೆ ತೋಚಲಿಲ್ಲ. ಗುಲಾಬಿ ಅತ್ತಿತ್ತ ನೋಡಿ, ಓಡಿಹೋಗಿ ಹೊಸ್ತಿಲಿನ ಆಚೆ ಅಡುಗೆಮನೆಯಲ್ಲಿ ನಿಂತು ಕೂಗಿ ಹೇಳಿದಳು: "ಯಾನ್ ತೂಯೆ! ಲೊಟ್ಟೆ ಅತ್ತ್!" ನಾನು ನೋಡಿದ್ದೇನೆ, ಸುಳ್ಳಲ್ಲ. ಅಮ್ಮನಿಗೆ ಅದು ತಪ್ಪು ಮಾಡಿದ ಮಗು ಓಡಿಹೋದ ಹಾಗೆ ಕಂಡಿತು. ಹೊಡೆಯಲಿಲ್ಲ, ಬೈಯಲಿಲ್ಲ. ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟು, ಅಡುಗೆಮನೆಯ ಕಡೆಗೆ ಮುಖ ಮಾಡಿ ಹೇಳಿದಳು:

"ನಾಳೆಯಿಂದ ನೀನು ಕೇಳಿದ್ರೆ ಸಾಕು. ಹೇಳುವುದು ಬೇಡ."

ಉಳಿದ ದಿನಗಳ ಹೊಳೆಯನ್ನು ನಾನು ಬರೆದೆ. ಒಂದು ದಿನವೂ ತಪ್ಪಿಸದೆ, ನೋಡಿಯೇ ಬರೆದೆ. ಬೇಕಾದ್ದು ಸಿಕ್ಕಿದ ಮೇಲೆ ಪ್ರಾಮಾಣಿಕನಾಗುವುದು ಕಷ್ಟವಲ್ಲ. ಮೊದಲ ತಟ್ಟೆ ನನಗೆ ಬಂತು. ಆದರೆ ಅಮ್ಮ ಈಗ ಬಾಯಿ ತೆರೆದು ಕೇಳುತ್ತಿರಲಿಲ್ಲ. ನಾನು ಹೇಳುವಾಗ ಅವಳ ಕಣ್ಣು ಹೊಸ್ತಿಲಿನ ಕಡೆಗಿರುತ್ತಿತ್ತು. ಗುಲಾಬಿ ಚಾಪೆಗೆ ಬರುವುದನ್ನೇ ಬಿಟ್ಟಳು. ಶಾಲೆಯಿಂದ ಬಂದವಳು ನೇರ ಅಡುಗೆಮನೆಗೆ ಹೋಗಿ ಅಕ್ಕಿ ಆರಿಸುವುದು, ಕಡೆಯುವ ಕಲ್ಲು ತಿರುಗಿಸುವುದು. ಅಲ್ಲಿ ತುಳುವಿನಲ್ಲಿ ಎರಡು ಮಾತು, ಅಷ್ಟೆ. ದಾರಿಯಲ್ಲಿ ಅವಳು ಈಗ ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳು ನೋಡಿಕೊಂಡು ನಡೆಯುತ್ತಿದ್ದಳು. ಅವಳು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ನನ್ನ ಮೇಲೆ ಸಂಶಯ ಬಂದಿತ್ತೋ, ತನ್ನ ಕಣ್ಣಿನ ಮೇಲೆಯೇ ಬಂದಿತ್ತೋ, ಆಗ ನಾನು ಯೋಚಿಸಲಿಲ್ಲ.

ಶಾಲೆಗೆ ರಜೆ ಬಿದ್ದಾಗ ದೊಡ್ಡಪ್ಪ ಬಂದರು. ಕಾಟಿಪಳ್ಳದಲ್ಲಿ ಮನೆಯ ಮಾಡಿಗೆ ಹಂಚು ಹೊದಿಸಿ ಆಗಿತ್ತು. ಅವರು ಬೆಲ್ಲ ನೀರು ಕುಡಿದು, ಜಗಲಿಯಲ್ಲಿ ಕೂತು ಕೇಳಿದರು:

"ಇವಳನ್ನು ಮುಂದೆ ಓದಿಸುದಾ, ಎಂತ? ನೀನು ಹೇಳಿದ ಹಾಗೆ. ಅಲ್ಲಿಂದ ಶಾಲೆಗೆ ದೂರ ಉಂಟು. ಬುದ್ಧಿ ಇದ್ರೆ ಇಲ್ಲೇ ಇರ್ಲಿ."

ಅಮ್ಮ ಖಾಲಿ ಲೋಟ ಎತ್ತಿಕೊಂಡಳು. "ಬುದ್ಧಿ ಉಂಟು ಬಾವ, ಬೇಕಾದಷ್ಟು ಉಂಟು. ಆದ್ರೆ ಕಂಡದ್ದನ್ನು ಕಂಡ ಹಾಗೆ ಹೇಳುದಿಲ್ಲ."

"ಹಾಗಾ? ಮತ್ತೆ ಎಂತಕ್ಕೆ ಶಾಲೆ? ಮನೆಯಲ್ಲಿ ಕೂತು ಬೀಡಿ ಕಟ್ಲಿ."

ನಾನು ಬಾಗಿಲ ಸಂದಿಯಲ್ಲಿದ್ದೆ. ತಗಡಿನ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತುಕೊಂಡು ಹೋದದ್ದೂ ನಾನೇ. ಭಾರವಿರಲಿಲ್ಲ. ಬಸ್ಸು ಹತ್ತುವಾಗ ಗುಲಾಬಿ, "ಬರ್ತೇನೆ ಅಣ್ಣ" ಎಂದಳು. ನಾನು ಓಡುತ್ತಾ ಮನೆಗೆ ಬಂದೆ. ಮರುದಿನ ಪುಂಡಿ ಮತ್ತೆ ತಲೆಗೆ ಏಳಾಯಿತು. ಅಮ್ಮ ಎಣಿಸಲು ಹೇಳಲೇ ಇಲ್ಲ. ಚಾಪೆ ಹಾಸುವುದೂ ಆ ಬೇಸಿಗೆಗೇ ನಿಂತುಹೋಯಿತು.

ನಾನು ಹೈಸ್ಕೂಲು ಮುಗಿಸಿದೆ. ಬಂದರಿನಲ್ಲಿ ಹಡಗಿನಿಂದ ಇಳಿಯುವ ಸರಕನ್ನು ನೋಡಿ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಗುಲಾಬಿಯ ಮನೆಯಿದ್ದ ಜಾಗ ಅಲ್ಲೇ ಎಲ್ಲೋ ನೀರಿನ ಅಡಿಯಲ್ಲಿರಬೇಕು. ಕಣ್ಣಾರೆ ಕಂಡದ್ದನ್ನು ಬರೆಯುವುದಕ್ಕೇ ಮೂವತ್ತೈದು ವರ್ಷ ನನಗೆ ಸಂಬಳ ಬಂತು. ಅದು ನಿಜಕ್ಕೂ ಯಾರಿಗೆ ಸಿಗಬೇಕಾದ ಕೆಲಸ ಎಂದು ಮೊದಲ ದಿನವೇ ನನಗೆ ಗೊತ್ತಿತ್ತು. ಗುಲಾಬಿ ಬೀಡಿ ಕಟ್ಟಿದಳು, ಮದುವೆಯಾದಳು, ಕಾಟಿಪಳ್ಳದಲ್ಲೇ ಉಳಿದಳು. ಮದುವೆಗಳಲ್ಲಿ, ಸತ್ತವರ ಬೊಜ್ಜದ ಊಟಗಳಲ್ಲಿ ಸಿಕ್ಕಾಗ ನಗುತ್ತಾ ಮಾತಾಡುತ್ತಿದ್ದಳು. ಹೊಳೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ಹುಡುಗಾಟದ ತಪ್ಪು ಎಂದು ನಾನು ನನ್ನನ್ನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಇನ್ನೊಂದಿದೆ. ನಮ್ಮ ಹಳೆಯ ಮನೆ ಈಗ ಇಲ್ಲ, ಆ ಜಾಗದಲ್ಲಿ ನಾಲ್ಕು ಮಾಳಿಗೆಯ ಫ್ಲಾಟು ಎದ್ದಿದೆ. ಎರಡನೆಯ ಮಾಳಿಗೆಯಲ್ಲಿ ನಾವಿದ್ದೇವೆ. ಅಮ್ಮ ಕೊನೆಯ ಮೂರು ವರ್ಷ ಅಲ್ಲಿ, ಹೊಳೆ ಕಾಣುವ ಕಿಟಕಿಯ ಪಕ್ಕ ಮಲಗಿದ್ದಳು. ಗುಲಾಬಿ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಬಂದು, ಅವಳ ತಲೆ ಬಾಚಿ, ಬಾಯಿಗೆ ಗಂಜಿ ಕೊಟ್ಟು ಹೋಗುತ್ತಿದ್ದಳು. ದಿನವೂ ಉಚ್ಚೆ ಬಟ್ಟೆ ತೆಗೆಯುತ್ತಿದ್ದವನು ನಾನು. ಆದರೆ ಅಮ್ಮನ ಮುಖ ಅರಳುತ್ತಿದ್ದದ್ದು ಗುಲಾಬಿಯ ಚಪ್ಪಲಿಯ ಸದ್ದಿಗೆ. ಒಂದು ಮಧ್ಯಾಹ್ನ ಅವಳು ಬಂದು ಹೋದ ಮೇಲೆ ಅಮ್ಮ ಕೇಳಿದಳು:

"ಸಂಜೀವ, ಆ ಹುಡುಗಿ ಅವತ್ತು ಯಾಕೆ ಸುಳ್ಳು ಹೇಳಿದ್ಳು ಮಾರಾಯ? ಸುಳ್ಳು ಹೇಳುವ ಮುಖ ಅಲ್ಲ ಅದು. ನಿನಗೆ ಎಂತಾದ್ರೂ ಗೊತ್ತುಂಟಾ?"

ನನಗೆ ಅರವತ್ತು ದಾಟಿತ್ತು. ಏಟು ಬೀಳುವ ಭಯವಿರಲಿಲ್ಲ. ಆದರೂ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಇಷ್ಟು ಮಾಡಿದರೂ ನಿನ್ನ ತಲೆಯಲ್ಲಿ ಇರುವುದು ಅವಳೇ ಅಲ್ಲವೇ ಎಂದುಕೊಂಡೆ. "ಗೊತ್ತಿಲ್ಲ ಅಮ್ಮ, ಹಳೆ ಕತೆ, ಬಿಡು" ಎಂದು ಹೊದಿಕೆ ಸರಿಮಾಡಿದೆ. ಆ ಪ್ರಶ್ನೆಯನ್ನು ಅವಳು ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ನಾನು ಹೊದಿಕೆ ಸರಿಮಾಡಿದೆ. ಅಮ್ಮ ತಿಳಿಯದೆಯೇ ಹೋದಳು.

ಹೋದ ವರ್ಷ ಕೊನೆಗೂ ಕಾಟಿಪಳ್ಳಕ್ಕೆ ಹೋದೆ. ಬಾಗಿಲಲ್ಲಿ ಏಳೆಂಟು ಜೊತೆ ಸಣ್ಣ ಚಪ್ಪಲಿಗಳಿದ್ದವು. ಒಳಗೆ ಗುಲಾಬಿ ಕುರ್ಚಿಯಲ್ಲಿ ಕೂತಿದ್ದಳು, ಸುತ್ತ ಮಕ್ಕಳು. ನೆಲದ ಮೇಲೆ ಗೆರಟೆ, ಹುಣಸೆ ಬೀಜ, ತರಗೆಲೆ. ಒಂದು ಹುಡುಗಿ ಎದ್ದು ನಿಂತು, ತಾನು ಅಂದು ನೋಡಿದ ಓತಿಕ್ಯಾತದ ವಿಷಯ ಹೇಳುತ್ತಿದ್ದಳು. ಗುಲಾಬಿಯ ಸೊಸೆ ಶ್ವೇತಾ ನನಗೆ ನೀರು ಕೊಟ್ಟು ಹೆಮ್ಮೆಯಿಂದ ಹೇಳಿದಳು:

"ಟೀಚರ್ ಮೊಬೈಲಿಗೆ ಆ್ಯಕ್ಟಿವಿಟಿ ಕಳಿಸ್ತಾರೆ ಮಾವ, ಮನೆಯಲ್ಲಿ ಮಾಡಿಸ್ಲಿಕ್ಕೆ. ನಮಗೆಲ್ಲಿ ತಲೆ ಓಡ್ತದೆ? ಅತ್ತೆ ಮಾಡಿಸ್ತಾರೆ. ಈಗ ಅಕ್ಕಪಕ್ಕದ ಮಕ್ಕಳೂ ಇಲ್ಲೇ."

ನನ್ನ ಮೊಮ್ಮಗನನ್ನು ನಾವು ಟ್ಯೂಷನ್ನಿಗೆ ಕಳಿಸುತ್ತೇವೆ. ಅಮ್ಮನಿಂದ ಕಲಿತದ್ದರಲ್ಲಿ ಒಂದನ್ನೂ ನಾನು ಯಾರಿಗೂ ಕಲಿಸಿಲ್ಲ. ಅಲ್ಲಿ ನೋಡಿದರೆ, ಹೇಳಬೇಡ ಎನಿಸಿಕೊಂಡವಳ ಮನೆಯಲ್ಲಿ ನನ್ನ ಅಮ್ಮನ ಶಾಲೆ ನಡೆಯುತ್ತಿತ್ತು. ತಪ್ಪು ಒಪ್ಪಿಕೊಳ್ಳಲು ಹೋದವನಿಗೆ ಆ ಕುರ್ಚಿಯ ಮೇಲೆಯೇ ಅಸೂಯೆಯಾಯಿತು. ಬಂದ ದಾರಿಯಲ್ಲೇ ಎದ್ದು ಹೋಗಬೇಕೆನಿಸಿತು.

ಮಕ್ಕಳು ಹೋದ ಮೇಲೆ ಗುಲಾಬಿ ಬಸಳೆ ಸೊಪ್ಪು ಹರಡಿಕೊಂಡು ಬಿಡಿಸಲು ಕೂತಳು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಕೋಲು ಎತ್ತಿದ್ದು, ಇಳಿಸಿದ್ದು, ಜಗಲಿಯ ಮಾತು ಸೇರಿಸಿದ್ದು. ಅವಳ ಕೈ ನಿಲ್ಲಲಿಲ್ಲ. ದಂಟು ಒಂದು ಕಡೆ, ಎಲೆ ಒಂದು ಕಡೆ. ನಾನು ಮುಗಿಸಿದ ಮೇಲೆ ಹೇಳಿದಳು:

"ನಾನು ಅವತ್ತಿಂದ ನನ್ನ ಕಣ್ಣನ್ನು ನಂಬ್ಲಿಲ್ಲ ಅಣ್ಣ. ಬೀಡಿ ಕಟ್ಟು ಮೂರು ಸಲ ಎಣಿಸ್ತಿದ್ದೆ. ಎಲ್ಲರೂ ನಗಾಡ್ತಿದ್ರು. ಈ ಮಕ್ಕಳು ಬಂದ ಮೇಲೆಯೇ ಸ್ವಲ್ಪ ಧೈರ್ಯ ಬಂದದ್ದು." ಆಮೇಲೆ ಕೇಳಿದಳು: "ಚಿಕ್ಕಮ್ಮನಿಗೆ ಹೇಳಿದ್ದಿಯಾ?"

"ಇಲ್ಲ."

"ಕೇಳ್ಲಿಲ್ವಾ ಅವ್ರು?"

ಅಲ್ಲಿ ಸುಳ್ಳು ಹೇಳಬಹುದಿತ್ತು. "ಕೇಳಿದ್ಳು. ತುಂಬಾ ಸಲ ಕೇಳಿದ್ಳು. ನಾನು ಹೇಳ್ಲಿಲ್ಲ" ಎಂದೆ.

ಗುಲಾಬಿಯ ಕೈ ನಿಂತಿತು.

"ಹತ್ತು ವರ್ಷದ ಹುಡುಗನನ್ನು ನಾನು ಬಿಟ್ಟೆ. ಇಗೋ, ಈಗಲೇ ಬಿಟ್ಟೆ. ಅವ್ನಿಗೆ ಎಂತ ಗೊತ್ತುಂಟು. ಚಿಕ್ಕಮ್ಮ ಮಲಗಿದ್ದ ಮೂರು ವರ್ಷ ಬಾಯಿ ಬಿಡದ ಮುದುಕನನ್ನು ಬಿಡುದಿಲ್ಲ."

ಸೊಪ್ಪಿನ ಗೆರಸೆ ಎತ್ತಿಕೊಂಡು ಒಳಗೆ ಹೋದಳು. ಶ್ವೇತಾ ಬಡಿಸಿದ ಊಟವನ್ನು ನಾನು ತಲೆ ಎತ್ತದೆ ಉಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೇನೆ ಗುಲಾಬಿ" ಎಂದೆ. ಗೇಟಿನವರೆಗೆ ಬಂದ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು.

"ಬರುದಾದ್ರೆ ವಾರಕ್ಕೊಂದ್ಸಲ ಬಾ. ಆ ಮೂರು ವರ್ಷ ಚಿಕ್ಕಮ್ಮ ನನ್ನ ವಿಷಯ ಎಂತೆಂತ ಹೇಳ್ತಿದ್ರು, ಎಲ್ಲ ನನಗೆ ಹೇಳ್ಬೇಕು ನೀನು. ಒಂದೂ ಬಿಡದೆ. ಅದು ನಂದು."

ಅಂದಿನಿಂದ ಪ್ರತಿ ಗುರುವಾರ ಹೋಗುತ್ತಿದ್ದೇನೆ. ಅವಳು ಏನಾದರೂ ಕೆಲಸ ಮಾಡುತ್ತಾ ಕೂರುತ್ತಾಳೆ, ನಾನು ನೆನಪಿಸಿಕೊಂಡು ಹೇಳುತ್ತೇನೆ. ಅಮ್ಮ ನಿನ್ನ ಜಡೆಯ ವಿಷಯ ಕೇಳಿದಳು, ನೀನು ಮಾಡುವ ಮೀನು ಸಾರು ಕೇಳಿದಳು, ಹಸುವಿನ ಕಿವಿಯ ಮಾತು ನೆನಪು ಮಾಡಿ ನಕ್ಕಳು. ಒಂದೊಂದನ್ನು ಕೊಡುವಾಗಲೂ ನನ್ನ ಅಮ್ಮನಲ್ಲಿ ಒಂದು ತುಂಡು ಕಡಿಮೆಯಾದಂತೆ ಅನಿಸುತ್ತದೆ. ಈ ವಯಸ್ಸಿನಲ್ಲೂ ಅನಿಸುತ್ತದೆ. ಒಂದು ಮಾತನ್ನು ಮಾತ್ರ ಇನ್ನೂ ಹೇಳಿಲ್ಲ. ಮೂರು ಗುರುವಾರ ಬಾಯಿಯವರೆಗೆ ತಂದು ನುಂಗಿದ್ದೇನೆ. ಅಮ್ಮ ಹೋಗುವ ವಾರ, ನಾನು ಬೆನ್ನು ಒರೆಸುತ್ತಿದ್ದಾಗ, ಕಿಟಕಿಯ ಕಡೆ ನೋಡುತ್ತಾ ಹೇಳಿದ್ದಳು: "ಅವಳು ಹೇಳಿದ್ದೇ ನಿಜ ಇರ್ಬೇಕು. ನಾನು ಅವಳ ಮಾತನ್ನು ತುಳುವಲ್ಲಿ ಕೇಳ್ಬೇಕಿತ್ತು." ಗುಲಾಬಿ ಓದು ಬಿಟ್ಟದ್ದು ಐದನೆಯ ಕ್ಲಾಸಿಗೆ ಮೊದಲೇ ಆದರೂ ಅವಳಿಗೆ ಕನ್ನಡ ಓದಲು ಬರುತ್ತದೆ. ಅದಕ್ಕಾಗಿ ಆ ಮಾತನ್ನು ಇಲ್ಲಿ ಬರೆದಿದ್ದೇನೆ.